ಕೆಂಪಿ ಇದ್ದ ಹಾಗೇ ಇರಲಿ

ಜನವರಿ ೧೧

ಪ್ರೀತಿಯ ಮೈದುನನಿಗೆ,

ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳು, ಕ್ಷೇಮವಿಲ್ಲ ಎಂದು ಬರೆದರೂ ಅರ್ಧ ಸುಳ್ಳು. ಆದ್ದರಿಂದ ಆ ಸಾಲು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಮನೆ ಸಿಕ್ಕಿತು. ಎರಡನೇ ಮಹಡಿ, ಒಂದು ಕೋಣೆ, ಒಬ್ಬರೇ ನಿಲ್ಲಬಹುದಾದ ಅಡುಗೆಮನೆ, ರಸ್ತೆಗೆ ತೆರೆಯುವ ಕಿಟಕಿ. ಕಾರು ನಿಲ್ಲಿಸುವ ಮಾತು ದೂರ, ಇಲ್ಲಿ ಸೈಕಲ್ಲನ್ನೂ ಮೆಟ್ಟಿಲ ಕೆಳಗೆ ಒರಗಿಸಿ ಸರಪಳಿ ಬಿಗಿಯುತ್ತಾರೆ. ಕೆಲಸ ಹಳೆಯದೇ. ಉರಿಯ ಮುಂದೆ ಕೂತು ಪ್ರಯೋಗಾಲಯದವರಿಗೆ ಬೇಕಾದ ಗಾಜಿನ ಕೊಳವೆ, ಬುರುಡೆಗಳನ್ನು ಊದಿ ಕೊಡುವುದು. ಹೊಸ ಬೆಂಚು, ಹೊಸ ಉರಿ. ಮೊದಲ ವಾರ ಊದಿದ್ದೆಲ್ಲ ಸೊಟ್ಟಗಾಯಿತು. ಮೇಲ್ವಿಚಾರಕರು ಸೊಟ್ಟಗಿದ್ದವನ್ನು ತಾವೇ ಒಡೆದು ಡಬ್ಬಕ್ಕೆ ಹಾಕಿದರು.

ಫೋನ್ ಬೇಡ, ಬರಿ ಎಂದದ್ದಕ್ಕೆ ನೀನು ನಕ್ಕೆ. ಆಸ್ಪತ್ರೆಯ ಆ ತಿಂಗಳುಗಳಾದ ಮೇಲೆ ಫೋನು ಹೊಡೆದುಕೊಂಡರೆ ಸಾಕು, ಕೆಟ್ಟ ಸುದ್ದಿಯೇ ಇರಬೇಕು ಅನ್ನಿಸುತ್ತದೆ. ಪತ್ರವಾದರೆ ನನಗೆ ಧೈರ್ಯ ಬಂದಾಗ ಒಡೆದುಕೊಳ್ಳಬಹುದು.

ಈಗ ಕೆಂಪಿಯ ವಿಷಯ. ನಿಮ್ಮಣ್ಣನ ಕಾರನ್ನು ನಿನ್ನ ಗ್ಯಾರೇಜಿನಲ್ಲಿ ಬಿಟ್ಟು ಬಂದದ್ದು ಬೆಕ್ಕಿನ ಮುಂದೆ ಹಾಲಿನ ಪಾತ್ರೆ ಇಟ್ಟು ಬಂದ ಹಾಗಾಗಿದೆ ಎಂದು ರೈಲಿನುದ್ದಕ್ಕೂ ಅನ್ನಿಸುತ್ತಿತ್ತು. ನಿಮ್ಮಣ್ಣ ನಿನ್ನನ್ನು ‘ಸ್ಪ್ಯಾನರ್’ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಬೇರೆಯವರ ಕಾರಿಗೆ ಟರ್ಬೊ ಹಾಕು, ಸೈಲೆನ್ಸರ್ ಬದಲಿಸು, ಊರೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಮಾಡು, ನನ್ನದೇನೂ ತಕರಾರಿಲ್ಲ. ಕೆಂಪಿಗೆ ಮಾತ್ರ ಏನೂ ಮಾಡಬೇಡ. ವಾರಕ್ಕೊಮ್ಮೆ ಇಂಜಿನ್ ಶುರು ಮಾಡಿ, ಬಿಸಿಯಾದ ಮೇಲೆ ನಿಲ್ಲಿಸು. ಸೀಟುಗಳನ್ನು ಹಿಂದೆ ಮುಂದೆ ಸರಿಸಬೇಡ. ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೆಯೇ ಅವರು ಇಟ್ಟುಕೊಂಡಿದ್ದರು. ‘ಕೆಂಪಿ ಇದ್ದ ಹಾಗೇ ಇರಲಿ’ ಎನ್ನುವುದು ಅವರ ಕೊನೆಯ ಆಸೆ. ಅದೊಂದನ್ನು ನಡೆಸಿಕೊಡು.

ನಿನ್ನ ಹೆಂಡತಿಗೆ ನೆನಪು ಹೇಳು.

ನಿನ್ನ ಅತ್ತಿಗೆ

ಜನವರಿ ೨೯

ಅತ್ತಿಗೆಗೆ ನಮಸ್ಕಾರ,

ನಿಮ್ಮ ಪತ್ರ ಓದಿ ಇವಳು ನಕ್ಕಿದ್ದೇ ನಕ್ಕಿದ್ದು. ‘ಅಕ್ಕ ನಿಮ್ಮನ್ನ ಸರಿಯಾಗಿ ಅಳೆದಿದ್ದಾರೆ’ ಅಂತ. ಈಗ ಊಟಕ್ಕೆ ಕರೆಯುವಾಗಲೂ ‘ಬೆಕ್ಕೇ, ಬಾ’ ಅನ್ನುತ್ತಾಳೆ.

ಕೆಂಪಿ ಗ್ಯಾರೇಜಿನ ಒಳಗಿನ ಮೂಲೆಯಲ್ಲಿ, ಹತ್ತಿಯ ಹೊದಿಕೆಯ ಕೆಳಗೆ ಇದ್ದಾಳೆ. ಬಾಡಿಗೆಗೆ ಬಂದ ಮಹಾರಾಣಿಯ ಹಾಗೆ. ಸುತ್ತ ಗ್ರೀಸ್ ಬಳಿದುಕೊಂಡ ಗಾಡಿಗಳು, ಕೆಂಪಿಯ ಮೇಲೊಂದು ಬೆರಳ ಗುರುತಿಲ್ಲ. ಭಾನುವಾರ ಹೊದಿಕೆ ತೆಗೆದು ಶುರು ಮಾಡುತ್ತೇನೆ. ಆ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ ಅತ್ತಿಗೆ. ಈ ಮಾದರಿಯನ್ನು ಮಾಡಿದ್ದೇ ಓಡುವುದಕ್ಕೆ. ಎರಡು ಬಾಗಿಲು, ಆರು ಸಿಲಿಂಡರು, ನೆಲಕ್ಕೆ ಅಂಟಿಕೊಂಡ ಮೈ. ನಮ್ಮಣ್ಣ ಅದನ್ನು ಏನು ಮಾಡಿದ? ಮನೆಯಿಂದ ಹಲ್ಲಿನ ಆಸ್ಪತ್ರೆಗೆ, ಹಲ್ಲಿನ ಆಸ್ಪತ್ರೆಯಿಂದ ಮನೆಗೆ. ರೋಗಿಗಳ ಬಾಯಿಗೆ ಹೇಗೆ ಕೈ ಹಾಕುತ್ತಿದ್ದನೋ ಹಾಗೇ ಗೇರ್ ಹಾಕುತ್ತಿದ್ದ.

ಅವನು ನನ್ನನ್ನು ಅದರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ‘ನೀನು ಇಂಜಿನ್ ರಿಪೇರಿ ಮಾಡಲ್ಲ ಕಣೋ, ಕೆಣಕ್ತೀಯ’ ಅನ್ನುತ್ತಿದ್ದ. ಎಣ್ಣೆ ಬದಲಿಸುವುದಕ್ಕೂ ನನ್ನ ಶಟರಿನ ಮುಂದೆಯೇ ಹಾದು ಊರಾಚೆಯ ಇನ್ನೊಬ್ಬನ ಹತ್ತಿರ ಹೋಗುತ್ತಿದ್ದ. ಹಾದು ಹೋಗುವಾಗ ಕೈ ಬೀಸುತ್ತಿದ್ದ ಬೇರೆ.

ಹೋಗಲಿ ಬಿಡಿ. ಕೊನೆಯ ಆಸೆ ಎಂದ ಮೇಲೆ ಮಾತಿಲ್ಲ. ಮುಟ್ಟುವುದಿಲ್ಲ. ಒಂದೇ ಒಂದು ವಿಷಯ ಕೇಳಬೇಕು. ಬ್ರೇಕಿನ ರಬ್ಬರ್ ಕೊಳವೆಗಳು ಬಿರುಕು ಬಿಟ್ಟಿವೆ. ಹಾಗೇ ಬಿಟ್ಟರೆ ಯಾರಿಗಾದರೂ ಅಪಾಯ. ಅವನ್ನು ಬದಲಿಸಲೇ?

ನಿಮ್ಮ ಮೈದುನ

ಮಾರ್ಚ್ ೪

ಪ್ರೀತಿಯ ಮೈದುನನಿಗೆ,

ಉತ್ತರ ತಡವಾಯಿತು, ಬೈಯಬೇಡ. ಬ್ರೇಕಿನ ಕೊಳವೆ ಬದಲಿಸು. ಹಳೆಯದನ್ನು ಎಸೆಯಬೇಡ, ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಡು.

ಕೈ ಈಗ ಸ್ವಲ್ಪ ಪಳಗಿದೆ. ಮೊನ್ನೆ ಒಂದು ಸುರುಳಿ ಕೊಳವೆ ಮಾಡಿದೆ, ಮೇಲ್ವಿಚಾರಕರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಒಡೆಯದೆ ವಾಪಸ್ ಕೊಟ್ಟರು. ಇಲ್ಲಿ ಅದೇ ಬಹುಮಾನ.

ಮೇಲಿನ ಮನೆಯಲ್ಲಿ ಶಾಲೆಯೊಂದರ ಭೂಗೋಳದ ಮೇಷ್ಟ್ರು ಇದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಬೂಟು ಹಾಕಿಕೊಂಡು ಮನೆಯೊಳಗೇ ಓಡಾಡುತ್ತಾರೆ. ನನ್ನ ತಲೆಯ ಮೇಲೆ ಕುದುರೆ ಕಟ್ಟಿದ ಹಾಗೆ. ತಡೆಯಲಾರದೆ ಜಗಳಕ್ಕೆ ಹೋದೆ. ಅವರು ಬಾಗಿಲು ತೆಗೆದು, ‘ಕೆಳಗಡೆ ಮನೆ ಖಾಲಿ ಇದೆ ಅಂದ್ಕೊಂಡಿದ್ದೆ, ಸದ್ದೇ ಬರಲ್ವಲ್ಲ’ ಅಂದರು. ಆ ಮಾತು ಯಾಕೋ ತಾಗಿತು. ಈಗ ಬೂಟು ಬಿಟ್ಟಿದ್ದಾರೆ. ನನ್ನ ಅಡುಗೆಮನೆಯ ನಲ್ಲಿಯನ್ನೂ ಸರಿಮಾಡಿಕೊಟ್ಟರು.

ಕೆಂಪಿಯ ಪಕ್ಕದ ಸೀಟು ನಾನು ಕೂರುತ್ತಿದ್ದ ಹಾಗೆಯೇ ಇದೆ ತಾನೆ? ನೋಡಿ ಬರಿ.

ಅತ್ತಿಗೆ

ಏಪ್ರಿಲ್ ೨

ಅತ್ತಿಗೆ, ನಮಸ್ಕಾರ!

ಇಲ್ಲಿ ಎಲ್ಲ ಜೋರಾಗಿದೆ. ಹವಾ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ, ಇವಳೂ ಬೆಕ್ಕು ಅನ್ನುವುದನ್ನು ಬಿಟ್ಟಿದ್ದಾಳೆ. ನಾನು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿ, ಗಡದ್ದಾಗಿ ನಿದ್ದೆ ಹೊಡೆದೆ. ಬ್ರೇಕಿನ ಕೊಳವೆ ಬದಲಿಸಿದೆ. ಹೊಸ ಬ್ರೇಕು ಪರೀಕ್ಷಿಸಬೇಕಲ್ಲ, ಕೆಂಪಿಯನ್ನು ಸ್ವಲ್ಪ ದೂರ ಓಡಿಸಿಕೊಂಡು ಬಂದೆ. ನಿಂತಲ್ಲೇ ನಿಂತರೆ ಟೈರು ಚಪ್ಪಟೆಯಾಗುತ್ತದೆ ನೋಡಿ. ಅತ್ತಿಗೆ, ಏನು ಕಾರು! ತಿರುವಿನಲ್ಲಿ ನಾವು ಯೋಚಿಸುವ ಮೊದಲೇ ಅವಳು ತಿರುಗಿರುತ್ತಾಳೆ.

ಮೇಷ್ಟ್ರು ಒಳ್ಳೆಯವರ ಹಾಗೆ ಕಾಣುತ್ತಾರೆ. ನಲ್ಲಿ ಸೋರಿದರೆ ವಾಷರ್ ನೋಡಲು ಹೇಳಿ.

ಮೈದುನ

ಏಪ್ರಿಲ್ ೨೦

ಪ್ರೀತಿಯ ಮೈದುನನಿಗೆ,

ನಿನ್ನ ಪತ್ರದಲ್ಲಿ ಖುಷಿ ಇತ್ತು. ಅವರು ಹೋದ ಮೇಲೆ ನಿನ್ನ ಮುಖ ನೋಡಲು ಆಗುತ್ತಿರಲಿಲ್ಲ ನನಗೆ. ನೀನು ಮತ್ತೆ ಊಟ ಮಾಡಿ ನಿದ್ದೆ ಮಾಡುತ್ತಿದ್ದೀಯ ಎಂದು ಓದಿ ಹಗುರವಾಯಿತು. ಸೀಟಿನ ಬಗ್ಗೆ ಕೇಳಿದ್ದೆ, ಮರೆತಿದ್ದೀಯ.

ಜೂನ್ ಮೊದಲ ವಾರ ರಜೆ ಹಾಕಿ ಬರುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಎರಡು ದಿನ ಇರುತ್ತೇನೆ. ನನಗೆ ಆಗಬೇಕಾದದ್ದು ಒಂದೇ ಕೆಲಸ. ಕೆಂಪಿಯ ಪಕ್ಕದ ಸೀಟಿನಲ್ಲಿ ಒಂದಷ್ಟು ಹೊತ್ತು ಒಬ್ಬಳೇ ಕೂರಬೇಕು. ಅವರಿಗೆ ಒಂದು ಮಾತು ಹೇಳುವುದಿದೆ. ಏನು ಮಾತು ಎಂದು ಈಗ ಕೇಳಬೇಡ. ನಗಬೇಡ ಕೂಡ. ಮನೆ ಖಾಲಿ ಮಾಡಿದೆ, ಬಟ್ಟೆ ಕೊಟ್ಟುಬಿಟ್ಟೆ, ಹಲ್ಲಿನ ಆಸ್ಪತ್ರೆಯ ಕುರ್ಚಿಗಳನ್ನು ಬೇರೆ ಯಾರೋ ಕೊಂಡರು. ಅವರು ಕೂರುತ್ತಿದ್ದ ಹಾಗೇ ಉಳಿದಿರುವ ಜಾಗ ಈಗ ಅದೊಂದೇ. ಅಲ್ಲಿ ಕೂತು ಹೇಳಿದರೆ ಅವರಿಗೆ ಮುಟ್ಟುತ್ತದೆ ಎಂದು ನನ್ನ ಹುಚ್ಚು.

ಅತ್ತಿಗೆ

ಮೇ ೬

ಅತ್ತಿಗೆಗೆ ನಮಸ್ಕಾರ,

ಪತ್ರ ತಲುಪಿತು. ಜೂನ್‌ನಲ್ಲಿ ಬರುವುದು ಬೇಡವೇನೋ. ನಮ್ಮ ರಸ್ತೆಯನ್ನು ಪೂರ್ತಿ ಅಗೆದು ಹಾಕಿದ್ದಾರೆ, ಗ್ಯಾರೇಜಿನ ಒಳಗೆ ನಡೆದು ಬರಲೂ ಜಾಗವಿಲ್ಲ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ವಾಸನೆ ನಿಮಗೆ ಆಗುವುದಿಲ್ಲ. ಇವಳಿಗೂ ಬೆನ್ನುನೋವು. ಎಲ್ಲ ಒಂದು ದಾರಿಗೆ ಬಂದ ಮೇಲೆ ನಾನೇ ತಿಳಿಸುತ್ತೇನೆ.

ಮೈದುನ

ಮೇ ೧೯

ಮೈದುನನಿಗೆ,

ರಸ್ತೆ, ಬಣ್ಣ, ಬೆನ್ನು. ಒಂದೇ ನೆಪ ಬರೆದಿದ್ದರೆ ನಂಬುತ್ತಿದ್ದೆ.

ನಿನಗೆ ಯಾರೋ ಹೇಳಿದ್ದಾರೆ. ಯಾರು ಎಂದು ಕೇಳುವುದಿಲ್ಲ. ಅಥವಾ ಯಾರೂ ಹೇಳದೆ, ನಾನು ಬರೆದ ಎರಡು ಸಾಲಿನಲ್ಲೇ ನೀನು ಊಹಿಸಿರಬೇಕು. ನಲ್ಲಿ ಸರಿಮಾಡಿದ್ದನ್ನು ಬರೆದ ಮೇಲೆ ಕವರು ಅಂಟಿಸುವಾಗ ಆ ಸಾಲು ಹೊಡೆದುಹಾಕಲೇ ಎಂದು ನನಗೇ ಅನ್ನಿಸಿತ್ತು. ಹೌದು, ಮೇಷ್ಟ್ರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ನಾನು ಬೇಡ ಅನ್ನಲಿಲ್ಲ. ನಿಮ್ಮಣ್ಣ ಹೋಗಿ ವರ್ಷ ತುಂಬಿಲ್ಲ. ನಿನಗೆ ನನ್ನನ್ನು ಮನೆಗೆ ಬಿಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಅದು ನ್ಯಾಯವೇ.

ಜೂನ್‌ನಲ್ಲಿ ಹೇಳಬೇಕೆಂದಿದ್ದ ಮಾತು ಅದೇ. ನಿಮ್ಮಣ್ಣನನ್ನು ಕೇಳಿಕೊಂಡು ಆಮೇಲೆ ಮೇಷ್ಟ್ರಿಗೆ ಉತ್ತರ ಕೊಡೋಣ ಅಂತಿದ್ದೆ. ಮೊನ್ನೆ ಮೇಷ್ಟ್ರ ಮನೆಯಲ್ಲಿ ಕಿಟಕಿ ತೆಗೆದು, ಇಬ್ಬರೂ ನಿಂತುಕೊಂಡೇ ಬ್ರೆಡ್ಡು ತಿಂದೆವು. ಚೂರು ನೆಲಕ್ಕೆಲ್ಲ ಬಿತ್ತು. ನಾನು ಗಾಬರಿಯಾಗಿ ಬಗ್ಗಿ ಆಯಲು ಹೋದೆ. ಅವರು, ‘ಬಿಡ್ರೀ, ಇರುವೆಗೂ ಒಂದು ಹಬ್ಬ ಆಗ್ಲಿ’ ಅಂದರು. ನಾನು ನಕ್ಕೆ. ನಕ್ಕ ಮೇಲೆ ನನ್ನ ಮನೆಗೆ ಇಳಿದು ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಬೈಯುವುದಾದರೆ ಬೈದುಬಿಡು. ನೆಪ ಹೇಳಬೇಡ. ನಿನ್ನ ನೆಪ ನಿನ್ನ ಬೈಗುಳಕ್ಕಿಂತ ಹೆಚ್ಚು ನೋಯುತ್ತದೆ.

ಅತ್ತಿಗೆ

ಮೇ ೩೦

ಅತ್ತಿಗೆ,

ಈ ಪತ್ರವನ್ನು ಎಷ್ಟು ಸಲ ಶುರು ಮಾಡಿದೆನೋ. ಮೊದಲು ಇದನ್ನು ಹೇಳಿಬಿಡುತ್ತೇನೆ: ನನಗೆ ಯಾರೂ ಏನೂ ಹೇಳಿರಲಿಲ್ಲ. ನಾನೂ ಏನೂ ಊಹಿಸಿರಲಿಲ್ಲ, ಅಷ್ಟು ಬುದ್ಧಿ ನನಗೆಲ್ಲಿದೆ. ನಿಮ್ಮ ಮದುವೆಯ ವಿಷಯ ಓದಿ ಇವಳು ಕಣ್ಣು ಒರೆಸಿಕೊಂಡು ‘ಸದ್ಯ, ಅಕ್ಕ ಒಬ್ರೇ ಇರಲ್ಲ’ ಅಂದಳು. ನನಗೂ ಹಾಗೇ ಅನ್ನಿಸಿತು. ನಿಮ್ಮನ್ನು ನಾನು ಮನೆಯಿಂದ ದೂರ ಇಟ್ಟದ್ದು ನಿಮ್ಮ ತಪ್ಪಿಗಲ್ಲ. ನನ್ನದಕ್ಕೆ.

ಕೆಂಪಿ ಇದ್ದ ಹಾಗೆ ಇಲ್ಲ.

ಬ್ರೇಕಿನ ಕೊಳವೆಯಿಂದ ಶುರುವಾಯಿತು. ಅದನ್ನು ಬದಲಿಸುವಾಗ ಶಾಕ್ ಅಬ್ಸಾರ್ಬರ್ ಎಣ್ಣೆ ಕಕ್ಕುತ್ತಿದ್ದದ್ದು ಕಂಡಿತು. ಅದನ್ನೂ ಬದಲಿಸಿದೆ, ಹಳೆಯ ಮಾದರಿಯದು ಸಿಗಲಿಲ್ಲ ಅನ್ನುವ ನೆವದಲ್ಲಿ ಓಟದ ಕಾರಿನದು ಹಾಕಿದೆ. ನಿಜ ಹೇಳಬೇಕೆಂದರೆ ಹಳೆಯ ಮಾದರಿಯದನ್ನು ನಾನು ಹುಡುಕಲೇ ಇಲ್ಲ. ಅಲ್ಲಿಂದ ಮುಂದೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಟರ್ಬೊ ಹಾಕಿದೆ. ಸೈಲೆನ್ಸರ್ ತೆಗೆದೆ. ಮಾರ್ಚ್ ಕೊನೆಗೆ ಬೆಟ್ಟದ ರಸ್ತೆಯಲ್ಲಿ ಏರುವ ಓಟ ಇತ್ತು, ಒಂದೊಂದೇ ಕಾರು ಬಿಡುತ್ತಾರೆ, ಕಡಿಮೆ ಹೊತ್ತಿನಲ್ಲಿ ಮೇಲೆ ಮುಟ್ಟಿದವನು ಗೆದ್ದ. ಅದಕ್ಕೆ ಹೆಸರು ಕೊಟ್ಟೆ. ಕಾರು ಮಗುಚಿದರೆ ತಲೆ ಉಳಿಯಲಿ ಎಂದು ಒಳಗೆ ಕಬ್ಬಿಣದ ಪಂಜರ ಕೂರಿಸಬೇಕು, ಅದು ಅವರ ನಿಯಮ. ಅದಕ್ಕಾಗಿ ಡ್ಯಾಶ್‌ಬೋರ್ಡ್ ಕೊಯ್ದೆ. ನೆಲಕ್ಕೆ ವೆಲ್ಡಿಂಗ್ ಮಾಡಿದೆ. ಭಾರ ಇಳಿಸಲು ಪಕ್ಕದ ಸೀಟು ಕಿತ್ತು ಮೇಲಿನ ಅಟ್ಟಕ್ಕೆ ಹಾಕಿದೆ. ನೀವು ಕೂತು ಮಾತಾಡಬೇಕು ಎಂದು ಬರೆದಾಗ ಓಡಿ ಹೋಗಿ ಇಳಿಸಿದೆ. ಇಲಿ ಕಡಿದು ಒಳಗಿನ ಹತ್ತಿಯೆಲ್ಲ ಹೊರಗೆ ಬಂದಿದೆ ಅತ್ತಿಗೆ. ಆ ಸೀಟಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಇವಳು ಬಂದು, ‘ಈಗ ಏನ್ ಬರೀತೀರಾ ಅಕ್ಕಂಗೆ?’ ಅಂದಳು. ರಸ್ತೆ ಅಗೆದಿದ್ದಾರೆ ಎಂದು ಬರೆದೆ.

ಇಷ್ಟೇ ಆಗಿದ್ದರೆ ಇದು ಬರೀ ಕಾರಿನ ತಪ್ಪು. ಇದಕ್ಕಿಂತ ಕೆಟ್ಟದ್ದಿದೆ. ಇವಳಿಗೂ ಹೇಳಿಲ್ಲ.

ಓಟದ ದಿನ ಕೆಂಪಿ ಏರಿದ್ದು ಹೇಗೆ ಅಂತ ಹೇಗೆ ಹೇಳಲಿ. ಮೂರನೇ ತಿರುವಿನ ಹೊತ್ತಿಗೆ ನಾನು ಓಡಿಸುತ್ತಿದ್ದೇನೋ, ಅವಳು ನನ್ನನ್ನು ಹೊತ್ತುಕೊಂಡು ಹೋಗುತ್ತಿದ್ದಾಳೋ ಗೊತ್ತಾಗಲಿಲ್ಲ. ಮೇಲೆ ಮುಟ್ಟಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಕೆಳಗೆ ಮೋಡ ಇತ್ತು. ಎರಡನೇ ಸ್ಥಾನ ಬಂದಿತ್ತು. ಗಡಿಯಾರ ಹಿಡಿದಿದ್ದವನೊಬ್ಬ ಬಂದು ಬಾನೆಟ್ ಮೇಲೆ ಕೈಯಿಟ್ಟು, ‘ಯಾರದು ಸಾರ್ ಕಾರು?’ ಅಂದ. ‘ನಂದೇ’ ಅಂದೆ. ಹಾಗೆ ಅಂದ ಕೂಡಲೇ ಒಳಗಿನಿಂದ ಒಂದು ಮಾತು ಬಂತು: ಸದ್ಯ, ಅಣ್ಣ ಇಲ್ಲ.

ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಅಂದುಕೊಂಡೆ. ಸದ್ಯ ಅಂತ. ಬಸ್ಸು ಸಿಕ್ಕರೆ ಅನ್ನುವ ಹಾಗೆ, ಬಿದ್ದ ಲೋಟ ಒಡೆಯದಿದ್ದರೆ ಅನ್ನುವ ಹಾಗೆ. ಅವನು ಇದ್ದಿದ್ದರೆ ಇದು ಆಗುತ್ತಿರಲಿಲ್ಲ, ಅವನು ಇಲ್ಲದ್ದಕ್ಕೇ ಇದು ನನಗೆ ಸಿಕ್ಕಿತು ಎಂದು ಮೈಯೆಲ್ಲ ಖುಷಿಯಾಯಿತು. ಏಪ್ರಿಲ್‌ನಲ್ಲಿ ನೀವು ಓದಿ ಹಗುರವಾದ ಆ ಪತ್ರ ಅದೇ ಖುಷಿಯಲ್ಲಿ ಬರೆದದ್ದು. ನಾನು ಹೊಟ್ಟೆ ತುಂಬ ಉಂಡದ್ದು ಅದಕ್ಕೆ.

ಒಡಹುಟ್ಟಿದವನು ಸತ್ತದ್ದಕ್ಕೆ ಸದ್ಯ ಅಂದವನು ನಾನು. ನೀವು ಬ್ರೆಡ್ಡಿನ ಚೂರಿಗೆ ಅಳುತ್ತೀರಿ.

ಮೈದುನ

ಜೂನ್ ೨೪

ಅತ್ತಿಗೆ,

ನಿಮ್ಮಿಂದ ಪತ್ರವಿಲ್ಲ. ಬರೆಯಿರಿ ಎಂದು ಕೇಳುವ ಬಾಯಿಯೂ ನನಗಿಲ್ಲ.

ಬೇರೆ ಕೆಲಸ ನಿಲ್ಲಿಸಿ ಕೆಂಪಿಯನ್ನು ಬಿಚ್ಚುತ್ತಿದ್ದೇನೆ. ಟರ್ಬೊ ತೆಗೆದೆ. ಪಂಜರದ ಮುಂದಿನ ಎರಡು ಕಂಬಿ ಕೊಯ್ದೆ. ಎಲ್ಲಿ ಕೊಯ್ದರೂ ಗಾಯ ಉಳಿಯುತ್ತದೆ. ಹಳೇ ಕಾರುಗಳ ಗುಜರಿಯಲ್ಲಿ ಅದೇ ಮಾದರಿಯ ಒಂದು ಸೀಟು ನೋಡಿದೆ. ಬಣ್ಣ ಒಂದೇ, ಬಟ್ಟೆ ಒಂದೇ. ತಂದು ಕೂರಿಸಿದರೆ ನಿಮಗೆ ಗೊತ್ತಾಗುವುದಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ ಮೇಲೆ ಅದನ್ನು ತರಲಿಲ್ಲ.

ಮೈದುನ

ಜುಲೈ ೧೯

ಪ್ರೀತಿಯ ಮೈದುನನಿಗೆ,

ಕಳೆದ ಭಾನುವಾರ ನಾನು ನಿಮ್ಮ ಊರಿಗೆ ಬಂದಿದ್ದೆ. ನಿನ್ನ ಹೆಂಡತಿಯಿಂದ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದೆ. ಅವಳ ಮೇಲೆ ರೇಗಬೇಡ. ನೀನು ಯಾವುದೋ ಭಾಗ ಹುಡುಕಿಕೊಂಡು ಪಕ್ಕದ ಊರಿಗೆ ಹೋಗಿದ್ದೆ. ಅವಳೇ ಶಟರ್ ಎತ್ತಿಕೊಟ್ಟಳು.

ನಿನ್ನ ಮೇ ತಿಂಗಳ ಪತ್ರ ಓದಿದಾಗ ನನಗೆ ಬಂದ ಸಿಟ್ಟು ನಿನಗೆ ಗೊತ್ತಾಗುವುದು ಬೇಡ. ಮೂರು ಉತ್ತರ ಬರೆದು ಮೂರನ್ನೂ ಉರಿಗೆ ಹಿಡಿದೆ. ಗಾಜಿನ ಉರಿ, ಬೂದಿಯೂ ಉಳಿಯುವುದಿಲ್ಲ. ಕಣ್ಣಾರೆ ನೋಡಿ, ಎದುರಿಗೇ ಬೈಯಬೇಕೆಂದು ಬಂದೆ.

ಹೊದಿಕೆ ತೆಗೆದೆವು. ಅಲ್ಲಿ ನಿಂತಿದ್ದದ್ದು ಅವರ ಕಾರೂ ಅಲ್ಲ, ನಿನ್ನ ಕಾರೂ ಅಲ್ಲ. ಒಳಗೆ ಅರ್ಧ ಕೊಯ್ದ ಕಂಬಿ, ನೆಲದಲ್ಲಿ ತೂತು, ನನ್ನ ಸೀಟಿದ್ದ ಜಾಗದಲ್ಲಿ ಬರೀ ತಗಡು. ನಿನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು ಹೇಳಿದಳು, ‘ಅಕ್ಕಾ, ಬೆಳಗಾದ್ರೆ ಇದರ ಮುಂದೆ ಬಂದು ಕೂರ್ತಾರೆ, ಹೆಣ ಕಾಯೋರ ಥರ. ಒಂದು ಕಂಬಿ ಕೊಯ್ತಾರೆ, ಅಳ್ತಾರೆ, ಮತ್ತೊಂದು ಕೊಯ್ತಾರೆ. ನೀವಾದ್ರೂ ಒಂದು ಮಾತು ಹೇಳಿ. ಬೈದ್ರೂ ಪರವಾಗಿಲ್ಲ.’

ನನಗೆ ಬೈಯಲು ಬಾಯಿ ಬರಲಿಲ್ಲ. ಯಾಕೆಂದು ಈಗ ಹೇಳುತ್ತೇನೆ. ಇದನ್ನು ಓದಿದ ಮೇಲೆ ನೀನು ನನ್ನನ್ನು ಅತ್ತಿಗೆ ಎಂದು ಕರೆಯದಿದ್ದರೂ ಸರಿ.

‘ಕೆಂಪಿ ಇದ್ದ ಹಾಗೇ ಇರಲಿ’ ಎಂದು ನಿಮ್ಮಣ್ಣ ಹೇಳಲಿಲ್ಲ. ಅದು ನಾನು ಕಟ್ಟಿದ ಮಾತು.

ಅವರಿಗೆ ಇನ್ನೂ ಮಾತು ಬರುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಕಿಟಕಿಯ ಕಡೆ ನೋಡುತ್ತಾ ಹೇಳಿದರು: ‘ಕೆಂಪೀನ ಸ್ಪ್ಯಾನರ್‌ಗೆ ಕೊಟ್ಬಿಡು. ಏನ್ ಬೇಕಾದ್ರೂ ಮಾಡ್ಕೊಳ್ಲಿ. ನಾನು ಅದನ್ನ ಒರೆಸಿದ್ದೇ ಆಯ್ತು, ಓಡಿಸ್ಲಿಲ್ಲ. ಅವನು ಓಡಿಸ್ಲಿ.’ ನಾನು ‘ಆಯ್ತು’ ಅಂದೆ. ಅವರು ನನ್ನ ಕೈ ಅಮುಕಿ, ‘ಹೇಳ್ತೀಯ ತಾನೇ ಅವನಿಗೆ?’ ಅಂತ ಮತ್ತೆ ಕೇಳಿದರು. ‘ಹೇಳ್ತೀನಿ’ ಅಂದೆ.

ಹೇಳಲಿಲ್ಲ. ಮೊದಮೊದಲು ಹೇಳುವುದಕ್ಕೆ ಬಾಯಿ ಏಳಲಿಲ್ಲ. ಆಮೇಲೆ, ನಿನಗೆ ಕೊಟ್ಟರೆ ನೀನು ಅದನ್ನು ಬಿಚ್ಚುತ್ತೀಯ, ಅವರು ಕೂತ ಜಾಗ ಹೋಗಿಬಿಡುತ್ತದೆ ಅನ್ನಿಸಿತು. ಆಮೇಲೆ ಮೇಷ್ಟ್ರು ಬಂದರು. ನಾನು ಬದಲಾಗುತ್ತಾ ಹೋದಷ್ಟೂ ಕಾರು ಬದಲಾಗಬಾರದು ಎಂದು ಹಟ ಹೆಚ್ಚಿತು. ನಾನು ಮಾಡಲಾಗದ ನಿಯತ್ತನ್ನು ಒಂದು ಕಾರಿನ ಕೈಲಿ ಮಾಡಿಸಲು ಹೊರಟಿದ್ದೆ, ಅದನ್ನು ಕಾಯಲು ನಿನ್ನನ್ನು ಕೂರಿಸಿದ್ದೆ.

ಇನ್ನೊಂದು ಮಾತು, ಇದನ್ನೂ ಹೇಳಿಬಿಡುತ್ತೇನೆ. ಆ ಕಾರಿನಲ್ಲಿ ನಾನು ಒಂದು ದಿನವೂ ಆರಾಮಾಗಿ ಕೂರಲಿಲ್ಲ. ಚಪ್ಪಲಿ ಒರೆಸಿ ಹತ್ತಬೇಕು, ಕಿಟಕಿ ಇಳಿಸಬಾರದು, ಏನೂ ತಿನ್ನಬಾರದು, ಕೂದಲ ಪಿನ್ನು ಸೀಟಿಗೆ ತಾಗಬಾರದು. ಅವರು ಒಳ್ಳೆಯವರು, ಜೋರು ಮಾತಾಡಿದವರಲ್ಲ. ಆದರೆ ಅವರ ಜೊತೆಯಲ್ಲಿ ನಾನೂ ಕೆಂಪಿಯ ಒಂದು ಒರಿಜಿನಲ್ ಭಾಗವಾಗಿದ್ದೆ. ಮೇಷ್ಟ್ರ ಮನೆಯಲ್ಲಿ ಬ್ರೆಡ್ಡಿನ ಚೂರು ಬಿದ್ದಾಗ ನನಗೆ ಒಳಗಿನಿಂದ ಬಂದ ಮಾತು ಯಾವುದೆಂದು ಬಲ್ಲೆಯಾ? ನಿನ್ನದೇ. ‘ಸದ್ಯ.’ ಅದಕ್ಕೇ ಅತ್ತದ್ದು. ಹಾಗೆ ಅಂದವನು ನೀನೊಬ್ಬನೇ ಎಂದುಕೊಳ್ಳಬೇಡ.

ನಿನ್ನ ಓಟದ ಕುರ್ಚಿಯಲ್ಲಿ ಕೂತೆ. ಡ್ರೈವರ್ ಜಾಗದಲ್ಲಿ ಅದೇ ಮೊದಲು. ಮದುವೆಯ ವಿಷಯ ಅವರಿಗೆ ಹೇಳಲು ನೋಡಿದೆ. ಅವರು ಅಲ್ಲಿ ಇರಲಿಲ್ಲ. ನೀನು ಕಿತ್ತು ಹಾಕಿದ್ದಕ್ಕೆ ಅಲ್ಲ, ಸುಮ್ಮನೆ, ಇರಲಿಲ್ಲ.

ಕಾರು ನಿನ್ನದು. ಮೊದಲಿನಿಂದಲೂ ನಿನ್ನದೇ ಆಗಿತ್ತು. ಅದನ್ನು ಹಿಂದಕ್ಕೆ ಬಿಚ್ಚುವುದನ್ನು ನಿಲ್ಲಿಸು.

ಸೆಪ್ಟೆಂಬರ್ ೧೪ರಂದು ಇಲ್ಲಿನ ನೋಂದಣಿ ಕಚೇರಿಯಲ್ಲಿ ನಮ್ಮ ಮದುವೆ. ಸಾಕ್ಷಿಗಳು ಸಹಿ ಹಾಕಬೇಕು. ಮೇಷ್ಟ್ರ ಕಡೆಯಿಂದ ಅವರ ಸೋದರಮಾವ ಬರುತ್ತಾರೆ. ನನ್ನ ಕಡೆಗೆ ಯಾರು ಎಂದು ಕೇಳಿದರು. ಆಮೇಲೆ ಹೇಳುತ್ತೇನೆ ಎಂದಿದ್ದೇನೆ.

ಅತ್ತಿಗೆ

ಆಗಸ್ಟ್ ೬

ಅತ್ತಿಗೆ,

ಅತ್ತಿಗೆ ಎಂದೇ ಕರೆಯುತ್ತೇನೆ. ಬೇರೆ ಏನಂತ ಕರೆಯಬೇಕೋ ನನಗೆ ಗೊತ್ತಿಲ್ಲ.

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಸಿಟ್ಟಾಗುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೂ ಬಂತು. ಅರ್ಧ ಸಿಟ್ಟು ನಿಮ್ಮ ಮೇಲೆ, ಅರ್ಧ ಅಣ್ಣನ ಮೇಲೆ. ದಿನಾ ಸಂಜೆ ಅಂಗಡಿ ಮುಚ್ಚಿ ಆಸ್ಪತ್ರೆಗೆ ಬರುತ್ತಿದ್ದೆ, ಅವನ ಕಾಲ ಬಳಿ ಕೂತಿರುತ್ತಿದ್ದೆ. ಟೈರಿನ ಗಾಳಿಯ ಬಗ್ಗೆ ಮಾತಾಡಿದ, ಹೊಸ ಟೋಲ್ ಗೇಟಿನ ಬಗ್ಗೆ ಮಾತಾಡಿದ. ‘ಕೆಂಪಿ ನಿಂದು ಕಣೋ’ ಅನ್ನಲಿಕ್ಕೆ ಎಷ್ಟು ಉಸಿರು ಬೇಕಿತ್ತು? ಇವಳ ಹತ್ತಿರ ಕೂಗಾಡಿದೆ. ಇವಳು ಬಟ್ಟೆ ಮಡಿಸುತ್ತಲೇ, ‘ಹೇಳಿದ್ರೆ ನೀವು ಅಲ್ಲೇ ಗೊಳೋ ಅಂತಿದ್ರಿ. ನೀವು ಅಳೋದನ್ನ ಅವರು ತಡ್ಕೊಳ್ತಿರ್ಲಿಲ್ಲ’ ಅಂದಳು. ಇರಬಹುದು. ಸಮಾಧಾನವೇನೂ ಆಗಲಿಲ್ಲ.

ಒಂದು ವಿಷಯ ಯೋಚಿಸಿ ಯೋಚಿಸಿ ಗೊತ್ತಾಗಿದೆ, ಅದನ್ನು ನಿಮಗೆ ಹೇಳಲೇಬೇಕು. ಅವನು ಕೊಟ್ಟಿದ್ದಾನೆ ಎಂದು ನೀವು ಜನವರಿಯಲ್ಲೇ ಬರೆದಿದ್ದರೆ ನಾನು ಒಂದು ಸ್ಕ್ರೂ ಕೂಡ ಮುಟ್ಟುತ್ತಿರಲಿಲ್ಲ. ನಿಜವಾಗಿ. ಅಣ್ಣ ನಂಬಿ ಕೊಟ್ಟ ಕಾರು ಎಂದು ಅವನಿಗಿಂತ ಹೆಚ್ಚು ಒರೆಸಿ ಇಟ್ಟುಕೊಂಡಿರುತ್ತಿದ್ದೆ. ಟರ್ಬೊ ಹಾಕಿದ್ದು ಕಾರಿಗಲ್ಲ. ಸತ್ತ ಮೇಲೂ ‘ಮುಟ್ಟಬೇಡ’ ಅಂದನಲ್ಲ ಎನ್ನುವ ಉರಿಗೆ ಹಾಕಿದೆ. ಓಡಿಸಲಿ ಎಂದು ಅವನು ಕೊಟ್ಟ, ನಾನು ಓಡಿಸಿಯೂ ಓಡಿಸಿದೆ, ಆದರೆ ಕದ್ದ ಕಾರಿನ ಹಾಗೆ. ಆ ಸಂತೋಷ ಕೊಟ್ಟವನಿಗೂ ಸಿಗಲಿಲ್ಲ, ತೆಗೆದುಕೊಂಡವನಿಗೂ ಸಿಗಲಿಲ್ಲ. ಆ ‘ಸದ್ಯ’ವನ್ನು ಈಗ ಹೇಗೆ ಹಿಂದಕ್ಕೆ ತೆಗೆದುಕೊಳ್ಳಲಿ? ಅದಕ್ಕೆ ಗುಜರಿಯಲ್ಲೂ ಭಾಗ ಸಿಗುವುದಿಲ್ಲ.

ಬಿಚ್ಚುವುದನ್ನು ನಿಲ್ಲಿಸಿದ್ದೇನೆ. ಕೊಯ್ದ ಡ್ಯಾಶ್‌ಬೋರ್ಡನ್ನು ಮುಚ್ಚಲು ಹೋಗುವುದಿಲ್ಲ, ಕಾಣಲಿ. ಪಂಜರದ ಹಿಂದಿನ ಭಾಗ ಉಳಿಯುತ್ತದೆ. ಸೈಲೆನ್ಸರ್ ಹಾಕಿದ್ದೇನೆ, ಅದು ಅಣ್ಣನಿಗಾಗಿ ಅಲ್ಲ, ಪಕ್ಕದ ಮನೆಯ ಮಗು ಮಲಗಲಿ ಎಂದು. ಗುಜರಿಯ ಆ ಸೀಟನ್ನೂ ತಂದೆ, ಅದು ನಿಮ್ಮದಲ್ಲ ಎಂದು ಎಲ್ಲರಿಗೂ ಗೊತ್ತಿರುವ ಹಾಗೆ. ಮೊನ್ನೆ ಬೆಳಗ್ಗೆ ಇವಳನ್ನು ಕೂರಿಸಿಕೊಂಡು ಬೆಟ್ಟದ ರಸ್ತೆಗೆ ಹೋದೆ. ಮುಂದೊಂದು ಹಾಲಿನ ಲಾರಿ ತೆವಳುತ್ತಿತ್ತು. ಹಿಂದೆ ಹಾಕಬಹುದಿತ್ತು, ಹಾಕಲಿಲ್ಲ. ಮೇಲೆ ಮುಟ್ಟುವವರೆಗೂ ಅದರ ಹಿಂದೆಯೇ ಹೋದೆವು. ಖುಷಿಯಾಯಿತೋ ಇಲ್ಲವೋ ಹೇಳಲಾರೆ. ಇವಳಿಗೆ ಆಯಿತು.

ನಿಮ್ಮನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ನೀವೂ ಹಾಗೆ ಬರೆದಿಲ್ಲ, ಅದೇ ಒಳ್ಳೆಯದಾಯಿತು. ಆದರೆ ಸೆಪ್ಟೆಂಬರ್ ೧೪ಕ್ಕೆ ನಿಮ್ಮ ಕಡೆಗೆ ಯಾರು ಎಂದು ಮೇಷ್ಟ್ರು ಇನ್ನೊಮ್ಮೆ ಕೇಳಿದರೆ, ಗಂಡನ ತಮ್ಮ ಎಂದು ಹೇಳಿ. ಹಿಂದಿನ ದಿನವೇ ರೈಲಿಗೆ ಬರುತ್ತೇವೆ, ಇಬ್ಬರೂ. ಅಣ್ಣನ ಮನೆಯವನು ಬಂದು ನಿಂತಿದ್ದ ಎಂದು ಆ ಕಾಗದದಲ್ಲಿ ಇರಬೇಕು.

ನೀವು ಸುಳ್ಳು ಹೇಳಿದಿರಿ, ನಾನು ಕದ್ದೆ. ಇಬ್ಬರೂ ಒಂದೇ ಮೇಜಿನ ಮುಂದೆ ನಿಲ್ಲೋಣ. ತಲೆ ಎತ್ತಲು ಆಗದಿದ್ದರೂ ಚಿಂತೆಯಿಲ್ಲ ಅತ್ತಿಗೆ. ಸಹಿ ಹಾಕುವಾಗ ಹೇಗೂ ಎಲ್ಲರೂ ತಲೆ ಬಗ್ಗಿಸುತ್ತಾರೆ.

ನಿಮ್ಮ ಮೈದುನ